ಮರದ ಫ್ಲ್ಯಾಟಿನಲ್ಲಿ ಸದ್ದು ತಡೆಯಲು ಫೋಮ್ ಅಂಟಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಸಿಯಾಟಲ್‌ನಲ್ಲಿ ಮರದ ಚೌಕಟ್ಟಿನ ಕಟ್ಟಡದಲ್ಲಿರುವ ಸ್ವಂತ ಫ್ಲ್ಯಾಟ್. ಮೇಲಿನ ಮನೆಯವರ ಹೆಜ್ಜೆ, ಪಕ್ಕದ ಮನೆಯ ಟೀವಿ ಎರಡೂ ಕೇಳಿಸುತ್ತವೆ. ಊರಿಂದ ಬಂದಿರುವ ಅಮ್ಮನಿಗೆ ರಾತ್ರಿ ನಿದ್ದೆಯೇ ಇಲ್ಲ. ಗೋಡೆ, ಸೀಲಿಂಗಿಗೆ ಫೋಮ್ ಶೀಟ್ ಅಂಟಿಸಲಾ? ಬೆಂಕಿಯ ಭಯ ಇದೆಯಾ?

ಉತ್ತರ: ಫೋಮ್ ಖಂಡಿತ ಬೇಡ. 2003ರಲ್ಲಿ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ 100 ಜನ ಸತ್ತರು. ಸದ್ದು ತಡೆಯಲೆಂದು ಗೋಡೆಗೆ ಅಂಟಿಸಿದ್ದ ಫೋಮಿಗೆ ವೇದಿಕೆಯ ಬಾಣಬಿರುಸಿನ ಕಿಡಿ ತಗುಲಿತ್ತು. ಅದೂ ಅಲ್ಲದೆ, ಅಷ್ಟು ಹಗುರವಾದ ಫೋಮ್ ಪಕ್ಕದ ಮನೆಯ ಸದ್ದನ್ನು ತಡೆಯುವುದೇ ಇಲ್ಲ. ನಿಮ್ಮ ಕೋಣೆಯ ಪ್ರತಿಧ್ವನಿ ಕಮ್ಮಿಯಾಗುತ್ತದೆ, ಅಷ್ಟೇ.

ಸದ್ದು ತಡೆಯಲು ತೂಕ ಬೇಕು, ಸಂದು ಇರಬಾರದು. ಬೆಂಕಿಗೂ ಹೆಚ್ಚುಕಡಿಮೆ ಅದೇ ಮದ್ದು. ಮೊದಲು ಪಕ್ಕದ ಗೋಡೆ ನೋಡಿ. ಬ್ರೇಕರ್ ಆಫ್ ಮಾಡಿ, ಪ್ಲಗ್ ಪಾಯಿಂಟಿನ ಮುಚ್ಚಳ ತೆಗೆದು ಕಿವಿ ಇಡಿ. ಟೀವಿ ಅಲ್ಲೇ ಜೋರಾಗಿ ಕೇಳಿದರೆ ಎರಡೂ ಮನೆಯ ಪ್ಲಗ್ ಪಾಯಿಂಟಿನ ಬಾಕ್ಸ್‌ಗಳು ಬೆನ್ನಿಗೆ ಬೆನ್ನು ಕೊಟ್ಟಿರಬಹುದು. ನಾನು ಇದನ್ನು ಎಷ್ಟೋ ಕಟ್ಟಡಗಳಲ್ಲಿ ನೋಡಿದ್ದೇನೆ. ಒಂದು ಗಂಟೆ ಬೆಂಕಿ ತಡೆಯಬೇಕಾದ ಗೋಡೆಯಲ್ಲಿ ಅವುಗಳ ನಡುವೆ 24 ಇಂಚು ಅಂತರ ಇರಬೇಕು, ಇಲ್ಲವೇ ಬಾಕ್ಸಿಗೆ ಬೆಂಕಿ ತಡೆಯುವ ಪುಟ್ಟಿ ಪ್ಯಾಡ್ (ಕಣಕದಂತೆ ಮೆತ್ತಗಿರುವ ಹಾಳೆ) ಸುತ್ತಿರಬೇಕು. ಪ್ಯಾಡ್ ಸುತ್ತಿದರೆ ಸದ್ದೂ ಇಳಿಯುತ್ತದೆ. ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಸದ್ದಿಗೂ ಬೆಂಕಿಗೂ ನಿಜವಾದ ತಿಕ್ಕಾಟ ಇರುವುದು ಜೋಡಿ ಗೋಡೆಯಲ್ಲಿ. ಸದ್ದು ದಾಟದಿರಲಿ ಅಂತ ಎರಡು ಸಾಲು ಮರ ನಿಲ್ಲಿಸಿ ನಡುವೆ ಜಾಗ ಬಿಡುತ್ತಾರೆ. ಬೆಂಕಿ ಬಿದ್ದರೆ ಆ ಜಾಗವೇ ಚಿಮಣಿ! ಅದಕ್ಕೇ ಅಲ್ಲಲ್ಲಿ ಅಡ್ಡ ತಡೆ ಹಾಕಲೇಬೇಕು. ಮರದ ತುಂಡು ಹೊಡೆದರೆ ಎರಡೂ ಸಾಲು ಒಂದಾಗಿ ಸದ್ದು ದಾಟುತ್ತದೆ. ನಾನು ಒತ್ತಿ ತುಂಬಿದ ಮಿನರಲ್ ವುಲ್, ಅಂದರೆ ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಎಳೆಯನ್ನೇ ಕೇಳುತ್ತೇನೆ. ಅದು ಸುಡುವುದಿಲ್ಲ, ಮೆತ್ತಗಿರುವುದರಿಂದ ಸದ್ದನ್ನೂ ದಾಟಿಸುವುದಿಲ್ಲ. ರಿಪೇರಿಯವರು ಅದನ್ನು ಸುಮ್ನೆ ಕಿತ್ತುಹಾಕದಂತೆ ನಿಂತು ನೋಡಿಕೊಳ್ಳಿ.

ಹೆಜ್ಜೆ ಸದ್ದಿಗೆ ಮೇಲಿನವರ ನೆರವು ಬೇಕು. ಕಾರ್ಪೆಟ್, ಅದರಡಿ ದಪ್ಪ ಅಂಡರ್‌ಲೇ ಹಾಕಿದರೆ ಟಕಟಕ ನಿಲ್ಲುತ್ತದೆ. ಹಿಮ್ಮಡಿಯ ಧಡಧಡ ಪೂರ್ತಿ ಹೋಗುವುದಿಲ್ಲ. ಅದಕ್ಕೆ ನಿಮ್ಮ ಸೀಲಿಂಗ್ ಬೋರ್ಡನ್ನು ಬಿಚ್ಚಿ, ಸ್ಪ್ರಿಂಗಿನಂತೆ ಬಳುಕುವ ಲೋಹದ ಚಾನಲ್‌ಗೆ ಕೂರಿಸಬೇಕು. ಹಳೇ ಬೋರ್ಡಿನ ಕೆಳಗೇ ಚಾನಲ್ ಹೊಡೆದು ಇನ್ನೊಂದು ಬೋರ್ಡ್ ಹಾಕಿದರೆ ನಡುವಿನ ತೆಳು ಗಾಳಿಯಿಂದ ಧಡಧಡ ಜಾಸ್ತಿಯಾಗಬಹುದು. ಬೆಂಕಿ ಪರೀಕ್ಷೆಯಲ್ಲಿ ಪಾಸಾದ ವಿನ್ಯಾಸ, ಅಸೋಸಿಯೇಷನ್ ಒಪ್ಪಿಗೆ, ಪರ್ಮಿಟ್ ಮೂರೂ ಇಲ್ಲದೆ ಸೀಲಿಂಗ್ ಮುಟ್ಟಬೇಡಿ. ಕಾಂಟ್ರ್ಯಾಕ್ಟರ್ ಡೌನ್‌ಲೈಟ್‌ಗೆ (ಸೀಲಿಂಗಿನೊಳಗೆ ಹುದುಗಿಸುವ ದೀಪ) ತೂತು ಕೊರೆಯೋಣ ಅಂದರೆ ಬೇಡ ಅನ್ನಿ.