ಹಳೆಯ ವಾಷಿಂಗ್ ಮಷಿನ್: ಮೊದಲು ಕೈ, ಆಮೇಲೆ ಕರೆಂಟು

ಹಳೆಯ ವಾಷಿಂಗ್ ಮಷಿನ್ ಮತ್ತು ಡ್ರೈಯರುಗಳನ್ನು ಜೋಪಾನ ಮಾಡುವ, ಮತ್ತೆ ನಡೆಯುವಂತೆ ಮಾಡುವ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಉತ್ತರಕ್ಕೆ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1991ರಲ್ಲಿ ಕೊಂಡಿದ್ದ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರವು ಹದಿನಾಲ್ಕು ವರ್ಷಗಳಿಂದ ಮೆಟ್ಟಿಲ ಕೆಳಗೆ ಬಿದ್ದುಕೊಂಡಿದೆ. ಅದು ಮತ್ತೆ ತಿರುಗುವುದನ್ನು ನೋಡಬೇಕೆಂದು ತಾಯಿಯವರ ಆಸೆ. ಪ್ಲಗ್ ಹಾಕಿ ಪರೀಕ್ಷಿಸಬಹುದೇ? (ಓದುಗರು, ಬ್ರಹ್ಮಪುರ, ಕಲಬುರಗಿ)

ಉತ್ತರ: ದಯವಿಟ್ಟು ಹಾಕಬೇಡಿ. ಹೀಗೆ ಅವಸರಪಟ್ಟೇ ನಾನು ನನ್ನ ಮೊದಲ ಯಂತ್ರದ ಮೋಟಾರನ್ನು ಕಳೆದುಕೊಂಡೆ. ಶಾಫ್ಟು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಮೋಟಾರು ತಿರುಗಲಾರದೆ ಗುಂಯ್ ಎಂದಿತು, ನಾನು ಸ್ವಿಚ್ಚಿನ ಕಡೆ ಕೈಚಾಚುವಷ್ಟರಲ್ಲಿ ವೈಂಡಿಂಗಿನ ವಾರ್ನಿಷ್ ಸುಟ್ಟ ವಾಸನೆ ಮನೆಯನ್ನೆಲ್ಲ ತುಂಬಿತು. ಆ ಮೇಲೆ ನಾನು ಯಾವ ಯಂತ್ರವನ್ನೂ ಕೈಯಿಂದ ತಿರುಗಿಸಿ ನೋಡದೆ ವಿದ್ಯುತ್ತಿಗೆ ಜೋಡಿಸಿಲ್ಲ.

ಹಿಂಬದಿಯ ತಗಡನ್ನು ಬಿಚ್ಚಿ, ಹಗಲು ಬೆಳಕಿನಲ್ಲಿ ಒಳಗೆ ನೋಡಿರಿ. ನಮ್ಮ ಕಡೆ ಮೆಟ್ಟಿಲ ಕೆಳಗಿಟ್ಟ ಯಂತ್ರದಲ್ಲಿ ಇಲಿಗಳು ಗೂಡು ಕಟ್ಟಿರುವ ಸಂಭವವೇ ಹೆಚ್ಚು. ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಕಡಿದಿದ್ದರೆ ಟೇಪು ಸುತ್ತಿ ಸಮಾಧಾನಪಡದೆ ಆ ತಂತಿಯನ್ನೇ ಬದಲಿಸಬೇಕು. ಬಳಿಕ ಬೆಲ್ಟನ್ನು ಕಳಚಿ, ತೊಳೆಯುವ ತೊಟ್ಟಿಯ ತಳದಲ್ಲಿರುವ ಪಲ್ಸೇಟರನ್ನೂ, ಹಿಂಡುವ ತೊಟ್ಟಿಯನ್ನೂ, ಎರಡು ಮೋಟಾರುಗಳನ್ನೂ ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಿರಿ. ನುಣ್ಣಗೆ ತಿರುಗಿದರೆ ಒಳ್ಳೆಯದು. ಒಳಗೆ ಮರಳು ಅರೆದಂತಹ ಸದ್ದು ಬಂದರೆ ಬೇರಿಂಗ್ ಅಥವಾ ಬುಷ್ ಸವೆದಿದೆ ಎಂದರ್ಥ. ಬೇರಿಂಗಿನ ಅಂಚಿನಲ್ಲಿ 6203, 6204 ಎಂಬಂತಹ ಸಂಖ್ಯೆ ಕೊರೆದಿರುತ್ತದೆ. 6204 ಎಂದರೆ ಒಳವ್ಯಾಸ 20 ಮಿಲಿಮೀಟರ್, ಹೊರವ್ಯಾಸ 47, ದಪ್ಪ 14; ಈ ಅಳತೆ ಲೋಕದಲ್ಲೆಲ್ಲ ಒಂದೇ ಆದ್ದರಿಂದ ಯಂತ್ರ ತಯಾರಿಸಿದ ಕಂಪನಿ ಮುಚ್ಚಿಹೋಗಿದ್ದರೂ ಬೇರಿಂಗು ಮೋಟಾರ್ ಸೈಕಲ್ಲಿನ ಬಿಡಿಭಾಗಗಳ ಅಂಗಡಿಯಲ್ಲೂ ಸಿಗುತ್ತದೆ.

ಮೋಟಾರಿನ ಪಕ್ಕದಲ್ಲಿರುವ ಕೆಪಾಸಿಟರು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಹದಿನಾಲ್ಕು ವರ್ಷ ಸುಮ್ಮನಿದ್ದುದರಲ್ಲಿ ಏನೂ ಉಳಿದಿರಲಾರದು, ಆದರೂ ಮುಟ್ಟುವ ಮುನ್ನ ಹೋಲ್ಡರಿಗೆ ಹಾಕಿದ ಹಳೆಯ ಫಿಲಮೆಂಟ್ ಬಲ್ಬಿನ ಎರಡು ತಂತಿಗಳನ್ನು ಅದರ ತುದಿಗಳಿಗೆ ತಾಗಿಸಿ ಬರಿದು ಮಾಡುವ ಅಭ್ಯಾಸ ಇಟ್ಟುಕೊಳ್ಳಿರಿ, ಯಾಕೆಂದರೆ ಯಂತ್ರ ನಡೆಯತೊಡಗಿದ ಮೇಲೆ ಆ ಅಭ್ಯಾಸವೇ ನಿಮ್ಮನ್ನು ಕಾಯುವುದು. ಎರಡು ಮೋಟಾರಿಗೂ ಸೇರಿ ಒಂದೇ ಡಬ್ಬಿ ಇದ್ದರೆ ಅದರ ಮೇಲೆ ಎರಡು ಮೈಕ್ರೋಫ್ಯಾರಡ್ ಸಂಖ್ಯೆಗಳನ್ನು ಕೂಡಿಸುವ ಚಿಹ್ನೆಯೊಂದಿಗೆ ಮುದ್ರಿಸಿರುತ್ತಾರೆ. ಅದೇ ಅಳತೆಯ ಹೊಸದನ್ನು ಹಾಕಿಬಿಡಿ.

ಇನ್ನು ಮೋಟಾರುಗಳ ಇನ್ಸುಲೇಷನ್, ಅಂದರೆ ತಂತಿಯ ಕರೆಂಟು ಲೋಹದ ಮೈಗೆ ಹರಿಯದಂತೆ ತಡೆಯುವ ಹೊದಿಕೆ. ಬೋರ್‌ವೆಲ್ ಪಂಪುಗಳ ನಾಡಾದ ನಮ್ಮಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಲ್ಲದ ತಾಲ್ಲೂಕಿಲ್ಲ. ಅಲ್ಲಿ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರು, ಹಿಡಿಸಿ ನೋಡಿರಿ. ವೈಂಡಿಂಗಿಗೂ ಲೋಹದ ಮೈಗೂ ನಡುವೆ 1 ಮೆಗಾಓಮಿಗಿಂತ ಕಡಿಮೆ ಬಂದರೆ ಮೋಟಾರನ್ನು ಎರಡು ಮೂರು ದಿನ ಕಲಬುರಗಿಯ ಬಿಸಿಲಿಗೆ ಇಟ್ಟು ಮತ್ತೆ ಅಳೆಯಿಸಿರಿ. ಬರಿಯ ತೇವವಾಗಿದ್ದರೆ ಸಂಖ್ಯೆ ಏರುತ್ತದೆ, ಏರದಿದ್ದರೆ ರಿವೈಂಡಿಂಗ್ ಬಿಟ್ಟು ದಾರಿಯಿಲ್ಲ. ಇಷ್ಟಾದ ಮೇಲೆ, ಅರ್ಥಿಂಗ್ ಸರಿಯಿರುವ ಸಾಕೆಟ್ಟಿನಲ್ಲಿ, 100 ವಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟು ಬಲ್ಬನ್ನು ಹಾದೇ ಯಂತ್ರಕ್ಕೆ ಹೋಗುವಂತೆ, ಇಟ್ಟು ಮೊದಲ ಬಾರಿ ಕರೆಂಟು ಕೊಡಿರಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಉರಿಯುತ್ತದೆ, ಮೋಟಾರು ಸುಡುವುದಿಲ್ಲ.

ಕೊನೆಗೆ ಉಳಿಯುವುದು ರಬ್ಬರು, ಹಳೆಯ ಯಂತ್ರಗಳನ್ನು ನಮ್ಮ ಬಿಸಿಲು ಕೊಲ್ಲುವುದು ಇಲ್ಲಿಯೇ. ಪಲ್ಸೇಟರಿನ ನಡುವಣ ಸ್ಕ್ರೂ ಬಿಚ್ಚಿ ಅದನ್ನು ಮೇಲೆತ್ತಿದರೆ ಶಾಫ್ಟಿನ ಸುತ್ತ ಕಪ್ಪು ಬಳೆಯಂತೆ ಕುಳಿತ ವಾಟರ್ ಸೀಲ್ ಕಾಣಿಸುತ್ತದೆ. ಅದರ ತುಟಿಯ ಹಿಂದೆ ಕೂದಲಿಗಿಂತ ತುಸು ದಪ್ಪನೆಯ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ನೀರಿಲ್ಲದೆ ಬೇಸಿಗೆಗಳನ್ನು ಕಳೆದ ಸೀಲಿನ ತುಟಿಗೆ ಉಗುರಿನಿಂದ ಒತ್ತಿದರೆ ಬಾಗುವುದಿಲ್ಲ, ಬೇಕಲೈಟಿನಂತೆ ಚಟ್ಟೆಂದು ಮುರಿಯುತ್ತದೆ. ಹೊಸ ಸೀಲಿಗೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿರಿ. ವಾಹನದ ಮಾಮೂಲು ಗ್ರೀಸು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಹಿಂಡುವ ತೊಟ್ಟಿಯ ಮುಚ್ಚಳ ತೆರೆದ ಕೆಲವೇ ಕ್ಷಣಗಳಲ್ಲಿ ಬ್ರೇಕು ಬಿದ್ದು ತೊಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ, ಉಳಿದೆಲ್ಲವೂ ಸರಿಯಿದ್ದರೂ, ಆ ಯಂತ್ರವನ್ನು ತಾಯಿಯವರ ಕೈಗೆ ಕೊಡಬೇಡಿ. ನಿಮಿಷಕ್ಕೆ 1300 ಸುತ್ತಿಗೂ ಮೀರಿ ತಿರುಗುವ ತೊಟ್ಟಿಯಲ್ಲಿ ಸೀರೆಯ ಸೆರಗು ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಸೌದಿ ಅರೇಬಿಯಾದಲ್ಲಿ ದುಡಿದು ಮರಳುವಾಗ 1980ರ ದಶಕದಲ್ಲಿ ಬಟ್ಟೆ ಒಣಗಿಸುವ ಯಂತ್ರವೊಂದನ್ನು ತಂದಿದ್ದರು. ಅದರ ಪಟ್ಟಿಯ ಮೇಲೆ 127 ವೋಲ್ಟ್, 60 ಹರ್ಟ್ಸ್ ಎಂದಿದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕೇ? (ಓದುಗರು, ಬೀದರ್)

ಉತ್ತರ: ಮೊದಲು ಒಂದು ಮಾತು. ನಮ್ಮಲ್ಲಿ ಸೆಮಿ ಆಟೋಮ್ಯಾಟಿಕ್ ಯಂತ್ರದ ಎರಡನೆಯ ತೊಟ್ಟಿಯನ್ನೇ ಡ್ರೈಯರ್ ಎನ್ನುವ ರೂಢಿಯಿದೆ. ಅದು ಬಟ್ಟೆಯನ್ನು ಗರಗರ ತಿರುಗಿಸಿ ನೀರನ್ನು ಹಿಂಡುತ್ತದೆಯೇ ಹೊರತು ಒಣಗಿಸುವುದಿಲ್ಲ. ನಿಮ್ಮಲ್ಲಿರುವುದು ಹೀಟರು, ಗಾಳಿಯ ಫ್ಯಾನು, ಉರುಳುವ ಡ್ರಮ್ಮು ಮೂರೂ ಇರುವ ನಿಜವಾದ ಡ್ರೈಯರ್. ಅಮೆರಿಕದ ನಾರ್ತ್ ಡಕೋಟಾದ ಹಿಮದಲ್ಲಿ ತಾಯಿ ಬಟ್ಟೆ ಒಣಹಾಕುವ ಕಷ್ಟವನ್ನು ಕಂಡ ಜೇಮ್ಸ್ ರಾಸ್ ಮೂರ್ ಎಂಬವರ ವಿನ್ಯಾಸವನ್ನು ಹ್ಯಾಮಿಲ್ಟನ್ ಕಂಪನಿಯು 1938ರಲ್ಲಿ ಮಾರುಕಟ್ಟೆಗೆ ತಂದಿತು. ಬೀದರಿನ ಬಿಸಿಲಿಗೆ ಅದರ ಅಗತ್ಯವಿಲ್ಲ ಎಂಬುದು ನಿಜ, ಆದ್ದರಿಂದಲೇ ನಮ್ಮ ಕಡೆ ಇಂತಹ ಯಂತ್ರ ಅಪರೂಪ. ಗುಜರಿಗೆ ಹಾಕದೆ ಕೇಳಿದ್ದಕ್ಕೆ ನನಗೆ ಬಹಳ ಸಂತೋಷವಾಯಿತು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ, ತೊಡಕೆಲ್ಲ ಇಲ್ಲಿದೆ. ಅದಿಲ್ಲದೆ ನೇರವಾಗಿ ನಮ್ಮ 230 ವೋಲ್ಟ್ ಕೊಟ್ಟರೆ ಹೀಟರಿನಲ್ಲಿ ಹುಟ್ಟುವ ಶಾಖ ಮೂರು ಪಟ್ಟಿಗೂ ಮಿಕ್ಕಿ, ಕ್ಷಣಾರ್ಧದಲ್ಲಿ ಕಾಯಿಲ್ ಕಡಿಯುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದಿರಿ ಎನ್ನಿ, ಹೀಟರು ತನ್ನ ಪೂರ್ಣ ಶಾಖವನ್ನೇ ಕೊಡುತ್ತದೆ, ಆದರೆ ನಮ್ಮ 50 ಹರ್ಟ್ಸಿನಲ್ಲಿ ಮೋಟಾರು ಆರನೆಯ ಒಂದು ಭಾಗ ನಿಧಾನವಾಗುವುದರಿಂದ ಫ್ಯಾನು ಎಳೆಯುವ ಗಾಳಿ ಕಡಿಮೆಯಾಗುತ್ತದೆ. ಶಾಖ ಅಷ್ಟೇ, ಗಾಳಿ ಕಡಿಮೆ: ಡ್ರಮ್ಮಿನೊಳಗೆ ಬಿಸಿ ಹೆಚ್ಚುತ್ತದೆ. ಮೋಟಾರು ಕೂಡ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. 60 ನಿಮಿಷಕ್ಕೆ ತಿರುಗಿಸಿಟ್ಟ ಟೈಮರು 72 ನಿಮಿಷ ಓಡುತ್ತದೆ. ಈ ಮೂರೂ ಸೇರಿದ ಯಂತ್ರದಲ್ಲಿ ಬಿಸಿ ಮಿತಿಮೀರಿದಾಗ ಹೀಟರನ್ನು ನಿಲ್ಲಿಸುವ ಹಳೆಯ ಥರ್ಮೋಸ್ಟಾಟ್ ಅಂಟಿಕೊಂಡಿದ್ದರೆ, ಗಾಳಿಯ ಕೊಳವೆಯಲ್ಲಿ ಕೂತ ಬಟ್ಟೆಯ ನೂಲುಧೂಳಿಗೆ ಬೆಂಕಿ ಹತ್ತಲು ಬೇರೇನೂ ಬೇಕಿಲ್ಲ.

ನನ್ನ ಸಲಹೆ ಇಷ್ಟು: ಹೀಟರಿನ ತಂತಿಯನ್ನು ಬೇರ್ಪಡಿಸಿ, ತುದಿಗಳನ್ನು ಭದ್ರವಾಗಿ ಮುಚ್ಚಿ, ಮೋಟಾರಿಗೆ ಮಾತ್ರ ಟ್ರಾನ್ಸ್‌ಫಾರ್ಮರಿನ ಮೂಲಕ ವಿದ್ಯುತ್ ಕೊಟ್ಟು, ಒಮ್ಮೆಗೆ ಐದು ನಿಮಿಷ ಡ್ರಮ್ಮು ಉರುಳಿಸಿ ನೋಡಿರಿ. ಒಣ ಗಾಳಿಯ ನಮ್ಮ ಬೇಸಿಗೆಯಲ್ಲಿ ಹೀಟರಿಲ್ಲದೆಯೂ ಅದು ಬಟ್ಟೆಯನ್ನು ತಕ್ಕಮಟ್ಟಿಗೆ ಒಣಗಿಸೀತು. ಹೀಟರಿನ ಸುತ್ತ ಬಿಳಿಯ ನಾರಿನಂತಹ ಹೊದಿಕೆ ಕಂಡರೆ ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಕೆರೆಯಬೇಡಿ, ಊದಬೇಡಿ, ಪೊರಕೆ ತಾಗಿಸಬೇಡಿ.

ಪ್ರಶ್ನೆ: ಹಳೆಯ ಫ್ರಂಟ್ ಲೋಡ್ ಯಂತ್ರದ ಹೀಟರಿನ ಮೇಲೆ ಬೆರಳುದಪ್ಪ ಬಿಳಿ ಪದರ ಕಟ್ಟಿದೆ. ಶೌಚಾಲಯಕ್ಕೆ ಹಾಕುವ ಆ್ಯಸಿಡ್ ಬಳಸಬಹುದೇ? (ಓದುಗರು, ಶಹಾಬಾದ್)

ಉತ್ತರ: ಬೇಡ. ಆ ಆ್ಯಸಿಡ್ ಸ್ಟೇನ್‌ಲೆಸ್ ಸ್ಟೀಲಿಗೂ ಸೂಜಿಮೊನೆಯಂತಹ ಗುಳಿಗಳನ್ನು ಬೀಳಿಸುತ್ತದೆ. ನಿಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯೂ ಹೀಟರಿನ ಮೇಲಿನ ಪದರವೂ ಮುಖ್ಯವಾಗಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೋನೇಟ್. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಅದನ್ನು ಕರಗಿಸಿ ತರುತ್ತದೆ, ಕಾದಾಗ ಬಿಟ್ಟುಹೋಗುತ್ತದೆ. ಹೀಟರನ್ನು ಹೊರತೆಗೆದು, ಪ್ಲಾಸ್ಟಿಕ್ ಬಕೀಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ನಿಂಬೆಹುಳಿ ಪುಡಿ, ಅಂದರೆ ಸಿಟ್ರಿಕ್ ಆ್ಯಸಿಡ್, ಕರಗಿಸಿ ಮುಳುಗಿಸಿಡಿ. ವಿದ್ಯುತ್ ತುದಿಗಳು ಮಾತ್ರ ನೀರಿನ ಮೇಲಿರಲಿ. ಗುಳ್ಳೆ ಏಳುವುದು ನಿಂತಾಗ ದ್ರಾವಣ ಬದಲಿಸಿರಿ. ಫರಸಿಯ ಮೇಲೆ ಈ ಕೆಲಸ ಮಾಡಬೇಡಿ, ಚೆಲ್ಲಿದ ಹನಿ ಹೊಳಪನ್ನು ತಿಂದು ಅಳಿಸಲಾಗದ ಕಲೆ ಬಿಡುತ್ತದೆ. ಬ್ಲೀಚಿಂಗ್ ಪುಡಿಯನ್ನು ಇದರ ಹತ್ತಿರಕ್ಕೂ ತರಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಡ್ರಮ್ಮಿನ ಹಿಂದಿರುವ ಮೂರು ಕೈಗಳ ಅಲ್ಯೂಮಿನಿಯಂ ಸ್ಪೈಡರನ್ನೂ ಬಿಚ್ಚಿ ಪರೀಕ್ಷಿಸಿರಿ. ಸೋಪಿನ ಗಸಿ ಕೂತ ಕಡೆ ಅದು ಕಾಣದಂತೆ ಸವೆದು, ವೇಗವಾಗಿ ತಿರುಗುವಾಗ ಮುರಿಯುವುದುಂಟು.

ಪ್ರಶ್ನೆ: ಸಿಕ್ಕಿದ ಯಂತ್ರದ ಬಣ್ಣ ಅಲ್ಲಲ್ಲಿ ಹೋಗಿದೆ. ಕಾರಿಗೆ ಹೊಡೆಯುವ ಬಣ್ಣ ಹೊಡೆಸಿ ಹೊಸದರಂತೆ ಮಾಡಬೇಕೆಂದಿದ್ದೇನೆ. (ಓದುಗರು, ಸುರಪುರ)

ಉತ್ತರ: ಹೊಡೆಸಬೇಡಿ ಎಂದೇ ನಾನು ಕೇಳಿಕೊಳ್ಳುತ್ತೇನೆ. ತುಕ್ಕು ಹಿಡಿದಷ್ಟು ಜಾಗವನ್ನು ಮಾತ್ರ ಉಜ್ಜಿ, ಪ್ರೈಮರ್ ಹಾಕಿ, ಹೊಂದುವ ಬಣ್ಣ ತುಂಬಿರಿ. ಸಾವಿರಾರು ಸಲ ತಿರುಗಿಸಿದ ಗುಂಡಿಯ ಸುತ್ತ ಬೆರಳು ತಾಗಿ ಮಾಸಿದ ಅರೆವೃತ್ತವೊಂದು ಇರುತ್ತದೆ. ಯಾವ ಅಂಗಡಿಯೂ ಅದನ್ನು ಮರಳಿ ಮಾಡಿಕೊಡಲಾರದು.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. ಇಂತಹ ಯಂತ್ರಗಳ ಸಣ್ಣ ಸಂಗ್ರಹ ಮಾಡಿ ಮಕ್ಕಳಿಗೆ ತೋರಿಸಬೇಕೆಂಬ ಬಯಕೆ. ಎಲ್ಲಿಂದ ಆರಂಭಿಸಲಿ? (ಓದುಗರು, ಬಸವಕಲ್ಯಾಣ)

ಉತ್ತರ: ಮಡಿವಾಳ ಮಾಚಿದೇವರ ಕಾಯಕಭೂಮಿಯಿಂದ ಈ ಪ್ರಶ್ನೆ ಬಂದಿತಲ್ಲ ಎಂದು ಪತ್ರವನ್ನು ಎರಡು ಬಾರಿ ಓದಿದೆ. ಸಂಗ್ರಹವು ಒಗೆಯುವ ಕಲ್ಲಿನಿಂದಲೇ ಆರಂಭವಾಗಲಿ. ಲೋಕದ ಹೆಸರಾಂತ ಮಾದರಿಗಳು, ಅಂದರೆ 1937ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಬೆಂಡಿಕ್ಸ್‌ನ ಸ್ವಯಂಚಾಲಿತ ಯಂತ್ರ, 1948ರಲ್ಲಿ ಬ್ರಿಟನ್ನಿನಲ್ಲಿ ಬಂದ, ಕೈಯಿಂದ ತಿರುಗಿಸುವ ರೋಲರುಗಳಿದ್ದ ಹೂವರ್ ಯಂತ್ರ, ಇವುಗಳ ಚಿತ್ರ ತೋರಿಸಿದರೆ ಸಾಕು. ನೀವು ಕೂಡಿಸಬೇಕಾದದ್ದು ನಮ್ಮ ಮನೆಗಳಿಗೆ 1980 ಮತ್ತು 1990ರ ದಶಕಗಳಲ್ಲಿ ಬಂದ ಯಂತ್ರಗಳನ್ನು. ಅವು ಈಗ ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ, ಯಾರೂ ಎತ್ತಿಡುತ್ತಿಲ್ಲ.

ಯಂತ್ರದೊಂದಿಗೆ ಗ್ಯಾರಂಟಿ ಕಾರ್ಡು, ಕೊಂಡ ರಸೀದಿ, ಕೈಪಿಡಿ ಸಿಕ್ಕರೆ ಬಿಡಬೇಡಿ. ಮೊದಲ ದಿನ ಅದು ಮನೆಗೆ ಬಂದಾಗ ಯಾರು ಏನೆಂದರು ಎಂಬುದನ್ನು ಮನೆಯ ಹೆಣ್ಣುಮಕ್ಕಳಿಂದ ಕೇಳಿ ಬರೆದಿಡಿ. ಬದಲಿಸಿದ ಹಳೆಯ ಭಾಗಗಳನ್ನು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಯಂತ್ರದ ಜೊತೆಗೇ ಇರಿಸಿರಿ. ತೀರ ಕೈಲಾಗದ ಯಂತ್ರವನ್ನು ಬಿಡಿಭಾಗಗಳಿಗಾಗಿ ಬಿಚ್ಚಿದ ಮೇಲೆ ಉಳಿದದ್ದನ್ನು ಬಯಲಿನಲ್ಲಿ ಸುಡಿಸದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಕೊಡಿರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ವಾಷಿಂಗ್ ಮಷಿನ್ನಿಗೂ ಅನ್ವಯಿಸುತ್ತವೆ.

ಪ್ರದರ್ಶನಕ್ಕಿಟ್ಟ ಯಂತ್ರಗಳ ವಾಟರ್ ಸೀಲುಗಳನ್ನು ಒಣಗಲು ಬಿಡಬೇಡಿ. ತಿಂಗಳಿಗೊಮ್ಮೆ ಪಲ್ಸೇಟರ್ ಮುಳುಗುವಷ್ಟು ನೀರು ಹಾಕಿ, ಹತ್ತು ನಿಮಿಷ ತಿರುಗಿಸಿ, ಬಸಿದು, ಮುಚ್ಚಳವನ್ನು ತುಸು ತೆರೆದಿಡಿ. ಮಾರ್ಚಿನಿಂದ ಜೂನ್‌ವರೆಗೆ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಿರಿ, ಮತ್ತು ನೀರು ತುಂಬುವ ಕೆಲಸವನ್ನು ಮಕ್ಕಳಿಗೇ ಬಿಡಿರಿ.