ಕನ್ನಡಕದ ನಂಬರ್ ನೋಡಿಸಿದರೆ ಕಣ್ಣು ತೋರಿಸಿದ ಹಾಗಾಯಿತಾ?

ಪ್ರಶ್ನೆ: ನನಗೆ 47 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ನುಂಗುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಮಾಡಿಸಿ ನಂಬರ್ ಬದಲಾಯಿಸುತ್ತೇನೆ. ಈಗ ಶುಗರ್ ಡಾಕ್ಟರ್ ಕಣ್ಣಿನ ಪೂರ್ತಿ ತಪಾಸಣೆ ಮಾಡಿಸಿ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಏನೇನು ಮಾಡುತ್ತಾರೆ? ನೋವಾಗುತ್ತಾ? ಎಷ್ಟು ಹೊತ್ತು ಹಿಡಿಯುತ್ತೆ?
— ಗೃಹಿಣಿ, ಅರಸೀಕೆರೆ

ಉತ್ತರ: ಹೋಗಿ ಮಾಡಿಸಿಕೊಂಡು ಬನ್ನಿ, ಮುಂದಕ್ಕೆ ಹಾಕಬೇಡಿ. "ಚೆನ್ನಾಗಿಯೇ ಕಾಣುತ್ತದೆ" ಅಂದಿರಲ್ಲ, ಆ ಮಾತಿಗೇ ನನಗೆ ಭಯ. ಶುಗರ್ ಇರುವವರಲ್ಲಿ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅದರ ಸಣ್ಣ ಸಣ್ಣ ರಕ್ತನಾಳಗಳು ಸೋರಲು ಶುರುವಾಗಿದ್ದರೂ ಎಷ್ಟೋ ದಿನ ನೋಟದಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಶುಗರ್ ಇದೆ ಎಂದು ಗೊತ್ತಾದಾಗಲೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಈ ತಪಾಸಣೆ ಆಗಬೇಕಿತ್ತು. ಆರು ವರ್ಷ ಹೋಗಿದೆ, ಇನ್ನು ತಡ ಬೇಡ.

ನಮ್ಮ ಹಿರಿಯರಿಗೆ ಕಣ್ಣಿನ ಡಾಕ್ಟರ್ ಅಂದರೆ ಪೊರೆ ಆಪರೇಷನ್. ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ಸಾಲು ಸಾಲಾಗಿ ಮಲಗಿ ಪೊರೆ ತೆಗೆಸಿಕೊಂಡವರ ಕಥೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದೆ. ಪೊರೆ ಬಂದರೆ ಮಂಜಾಗುತ್ತೆ, ತೆಗೆದರೆ ಮತ್ತೆ ಕಾಣುತ್ತೆ. ಶುಗರ್ ಮತ್ತು ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳುಮಾಡುವ ಕಾಯಿಲೆ, ಹಾಗಲ್ಲ. ಅವು ಹೇಳದೆ ಬರುತ್ತವೆ, ಮತ್ತೆ ಗ್ಲಾಕೋಮಾದಲ್ಲಿ ಹೋದ ನೋಟ ವಾಪಸ್ ಬರುವುದಿಲ್ಲ.

ನಮ್ಮ ತಂದೆಯವರದ್ದೇ ಹೇಳುತ್ತೇನೆ. ಆಗ ನಾನಿನ್ನೂ ಕಣ್ಣು ನೋಡುವ ಈ ಕೆಲಸಕ್ಕೆ ಬಂದಿರಲಿಲ್ಲ. ಅವರು ಒಂದೇ ಅಂಗಡಿಯಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದರು, ಮೂರು ಸಲವೂ ಪಟ್ಟಿಯ ಕೊನೇ ಸಾಲಿನವರೆಗೆ ಓದಿದರು. ಆದರೆ ಊಟಕ್ಕೆ ಕೂತರೆ ತಟ್ಟೆಯ ಎಡಗಡೆ ಇಟ್ಟ ನೀರಿನ ಲೋಟಕ್ಕೆ ಕೈ ತಾಗಿ ಉರುಳಿಸುತ್ತಿದ್ದರು. ವಯಸ್ಸಾಯಿತು, ಕೈ ನಡುಗುತ್ತೆ ಅಂದುಕೊಂಡೆವು. ಅಮ್ಮ ಲೋಟವನ್ನು ಬಲಗಡೆಗೆ ಇಡಲು ಶುರುಮಾಡಿದರು ಅಷ್ಟೇ. ಕೊನೆಗೊಂದು ದಿನ ಪಾಪೆ ಅಗಲ ಮಾಡಿ ಒಳಗೆ ನೋಡಿದಾಗ ಕಣ್ಣಿನ ನರ ಸಾಕಷ್ಟು ಹಾಳಾಗಿತ್ತು. ಗ್ಲಾಕೋಮಾ ಅಂಚಿನಿಂದ ತಿನ್ನುತ್ತಾ ಬರುತ್ತೆ, ಎದುರಿಗಿರುವ ಅಕ್ಷರ ಕೊನೆಯವರೆಗೂ ಕಾಣುತ್ತಲೇ ಇರುತ್ತದೆ. ಉಳಿದಿದ್ದನ್ನು ಅವರು ದಿನಾ ಹನಿ ಹಾಕಿಕೊಂಡು ಉಳಿಸಿಕೊಂಡರು. ಅದಕ್ಕೇ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಅಲ್ಲಿ ಕೇಳುವ ಮೊದಲೇ ಹೇಳಿಬಿಡಿ. ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಜಾಸ್ತಿ.

ಈಗ ಅಲ್ಲಿ ಏನಾಗುತ್ತೆ ನೋಡೋಣ. ಎರಡು ಮೂರು ಗಂಟೆ ಬಿಡುವು ಮಾಡಿಕೊಂಡು ಹೋಗಿ, ಅದರಲ್ಲಿ ಅರ್ಧ ಸುಮ್ನೆ ಕಾಯುವುದೇ ಇರುತ್ತೆ. ಹಳೇ ಕನ್ನಡಕ, ಹಳೇ ಚೀಟಿ, ಈಗಿನ ಮಾತ್ರೆಗಳು, ಇತ್ತೀಚಿನ ಶುಗರ್ ರಿಪೋರ್ಟ್ ಜೊತೆಯಲ್ಲಿರಲಿ. ಮೊದಲು ಅಕ್ಷರದ ಪಟ್ಟಿ, ಒಂದೊಂದೇ ಕಣ್ಣು ಮುಚ್ಚಿ. ಇಂಗ್ಲಿಷ್ ಬೇಡ ಅನ್ನಿಸಿದರೆ ಕನ್ನಡದ ಪಟ್ಟಿ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಚೀಟಿಯಲ್ಲಿ 6/60 ಅಂತ ಬರೆದರೆ ಏನರ್ಥ ಗೊತ್ತಾ? ಒಳ್ಳೆಯ ಕಣ್ಣಿಗೆ 60 ಮೀಟರ್ ದೂರದಿಂದ ಕಾಣುವ ಅಕ್ಷರ ನಿಮಗೆ 6 ಮೀಟರ್ ಹತ್ತಿರ ಬಂದರಷ್ಟೇ ಕಾಣುತ್ತೆ ಅಂತ. ಆಮೇಲೆ ಒಂದು ಮೆಷಿನ್‌ನೊಳಗೆ ರಸ್ತೆಯ ಕೊನೆಯಲ್ಲಿ ಪುಟ್ಟ ಮನೆಯೋ ಬಲೂನೋ ಕಾಣುತ್ತೆ, ಮಂಜಾಗಿ ಹೋಗಿ ಮತ್ತೆ ಸ್ಪಷ್ಟವಾಗುತ್ತೆ. ಅಂಗಡಿಯ "ಕಂಪ್ಯೂಟರ್ ಟೆಸ್ಟ್" ಅಂದರೆ ಇದೇ. ಇದು ನಂಬರ್‌ನ ಅಂದಾಜು ಮಾತ್ರ. ಭಾರದ ಫ್ರೇಮ್‌ಗೆ ಗಾಜು ಬದಲಾಯಿಸುತ್ತಾ "ಇದು ಚೆನ್ನಾಗಿದೆಯಾ, ಅದಾ" ಅಂತ ಕೇಳುವಾಗ ಎರಡೂ ಒಂದೇ ಥರ ಕಂಡರೆ ಒಂದೇ ಥರ ಅನ್ನಿ. ಅದು ಪರೀಕ್ಷೆಯಲ್ಲ, ತಪ್ಪು ಉತ್ತರ ಅಂತ ಇಲ್ಲ. ಎಷ್ಟೋ ಜನ ನಮಗೆ ಬೇಜಾರಾಗುತ್ತೆ ಅಂತ ಏನೋ ಒಂದು ಹೇಳಿ ಎದ್ದುಹೋಗುತ್ತಾರೆ, ಆಮೇಲೆ ಹೊಸ ಕನ್ನಡಕ ಹಾಕಿದರೆ ತಲೆನೋವು.

ಮುಂದಿನದು ಕಣ್ಣಿನ ಪ್ರೆಷರ್. ಕೆಲವು ಕಡೆ ಕಣ್ಣಿಗೆ ಫುಸ್ ಅಂತ ಗಾಳಿ ಊದುತ್ತಾರೆ. ಬೆಚ್ಚಿಬೀಳುತ್ತೀರಿ, ನೋವಿಲ್ಲ. ಕೆಲವು ಕಡೆ ಮರಗಟ್ಟಿಸುವ ಹನಿ, ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನ ಪುಟ್ಟ ತುದಿಯನ್ನು ಕಣ್ಣಿಗೆ ತಾಗಿಸಿ ಅಳೆಯುತ್ತಾರೆ. ತಾಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ, ಉಸಿರು ಬಿಗಿಹಿಡಿಯದೆ ಕೂರಿ. ಕಣ್ಣೊರೆಸಿದ ಕರ್ಚೀಫ್ ಹಳದಿಯಾದರೆ ಹೆದರಬೇಡಿ. ಕಣ್ಣಿನ ಪ್ರೆಷರ್ ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು, ಆದರೆ ಅಷ್ಟಿದ್ದೂ ಗ್ಲಾಕೋಮಾ ಇರುವವರಿದ್ದಾರೆ. ಹಾಗಾಗಿ ಬರೀ ಪ್ರೆಷರ್ ನೋಡಿ ಕಳಿಸಿದರೆ ಸಾಲದು. ಗಲ್ಲ ಮತ್ತು ಹಣೆ ಒರಗಿಸಿ ಕೂರುವ ಸೂಕ್ಷ್ಮದರ್ಶಕದಲ್ಲಿ ರೆಪ್ಪೆ, ಕಪ್ಪುಗುಡ್ಡೆ, ಪೊರೆ ಎಲ್ಲ ನೋಡುತ್ತಾರೆ.

ಇಷ್ಟಾದ ಮೇಲೆ ಮುಖ್ಯವಾದದ್ದು. ಪಾಪೆ ಅಗಲಿಸುವ ಹನಿ. ಇದೊಂದನ್ನು ಬಿಟ್ಟು ಎದ್ದುಬರಬೇಡಿ. ಪಾಪೆ ಅಂದರೆ ಬಾಗಿಲ ಬೀಗದ ತೂತಿದ್ದ ಹಾಗೆ, ಆ ತೂತಿನಿಂದ ಕೋಣೆಯ ಮೂಲೆ ಕಾಣುತ್ತಾ? ಬಾಗಿಲನ್ನೇ ತೆಗೆಯಬೇಕು. ಹನಿ ಒಂದೆರಡು ಕ್ಷಣ ಚುರುಚುರು ಅನ್ನುತ್ತೆ. ಕಣ್ಣು ಮುಚ್ಚಿ ಕೂರಿ, ಉಜ್ಜಬೇಡಿ. ಇಪ್ಪತ್ತು ನಿಮಿಷ, ಅರ್ಧ ಗಂಟೆಯಲ್ಲಿ ಪಾಪೆ ದೊಡ್ಡದಾಗುತ್ತೆ, ಮೊಬೈಲ್‌ನ ಅಕ್ಷರ ಮಂಜಾಗುತ್ತೆ. ಡಾಕ್ಟರ್ ತಲೆಗೆ ಲೈಟ್ ಕಟ್ಟಿಕೊಂಡು, ಕೈಯಲ್ಲಿ ಒಂದು ಮಸೂರ ಹಿಡಿದು "ಮೇಲೆ ನೋಡಿ, ಕೆಳಗೆ, ಬಲಕ್ಕೆ, ಎಡಕ್ಕೆ" ಅನ್ನುತ್ತಾರೆ. ಬೆಳಕು ಚುಚ್ಚುತ್ತೆ, ನಿಜ. ಕಣ್ಣಲ್ಲಿ ನೀರು ಬರುತ್ತೆ. ಸ್ವಲ್ಪ ತಡೆದುಕೊಳ್ಳಿ, ಆ ಎರಡು ನಿಮಿಷಕ್ಕಾಗಿಯೇ ನೀವು ಅಷ್ಟು ದೂರ ಬಂದಿರುವುದು.

ಹನಿ ಹಾಕಿದ ಮೇಲೆ ನಾಲ್ಕರಿಂದ ಆರು ಗಂಟೆ ಹೊತ್ತು ಮಂಜು ಮಂಜಾಗಿರುತ್ತೆ, ಬಿಸಿಲು ಕಣ್ಣು ಕುಕ್ಕುತ್ತೆ. ಸ್ಕೂಟರ್ ತಗೊಂಡು ಹೋಗಬೇಡಿ, ಮನೆಯವರನ್ನೋ ಮಗಳನ್ನೋ ಕರೆದುಕೊಂಡು ಹೋಗಿ, ಕಪ್ಪು ಕನ್ನಡಕವೋ ಕೊಡೆಯೋ ಇರಲಿ. ತೀರಾ ಅಪರೂಪಕ್ಕೆ ಕೆಲವರಿಗೆ ಈ ಹನಿಯಿಂದ ಕಣ್ಣಿನ ಪ್ರೆಷರ್ ಏರುತ್ತೆ. ಮನೆಗೆ ಬಂದ ಮೇಲೆ ಜೋರಾಗಿ ಕಣ್ಣು ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದೇ ಹೊತ್ತಿಗೆ ವಾಪಸ್ ಹೋಗಿ.

ದುಡ್ಡಿನ ಯೋಚನೆ ಇದ್ದರೆ ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗದಲ್ಲೂ ಇದನ್ನು ಮಾಡುತ್ತಾರೆ. ಬೆಂಗಳೂರಿಗೆ ಬರುವುದಿದ್ದರೆ ಮಿಂಟೋ ಆಸ್ಪತ್ರೆ ಇದೆ. ಎದ್ದುಬರುವ ಮುಂಚೆ ಒಂದು ಮಾತು ಕೇಳಿ: "ರೆಟಿನಾ ಹೇಗಿದೆ, ಮತ್ತೆ ಯಾವಾಗ ಬರಲಿ?" ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ನಿಮ್ಮ ಶುಗರ್ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಒಂದೇ ತಿಂಗಳಲ್ಲಿ ಮೂರು ಕಡೆ ತೋರಿಸಿದೆ, ಮೂರು ನಂಬರ್ ಕೊಟ್ಟರು. ಯಾರನ್ನು ನಂಬಲಿ?
— ಓದುಗರು, ಬಳ್ಳಾರಿ

ಉತ್ತರ: ವ್ಯತ್ಯಾಸ 0.25 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಜಾಸ್ತಿ ಇದ್ದರೆ ಮೊದಲು ಶುಗರ್ ನೋಡಿಸಿ. ಶುಗರ್ ಏರಿಳಿದರೆ ಕಣ್ಣಿನೊಳಗಿನ ಮಸೂರ ಉಬ್ಬುತ್ತೆ, ನಂಬರ್ ವಾರದಿಂದ ವಾರಕ್ಕೆ ಬದಲಾಗುತ್ತೆ. ಶುಗರ್ ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೆ ಕನ್ನಡಕ ಮಾಡಿಸಿ, ಇಲ್ಲದಿದ್ದರೆ ದುಡ್ಡು ದಂಡ. ನಿಮಗೆ ನಲವತ್ತು ದಾಟಿ ಪೇಪರ್ ದೂರ ಹಿಡಿದು ಓದುವಂತಾಗಿದ್ದರೆ ಅದು ಚಾಳೀಸು. ಹೆಸರೇ ಹೇಳುವ ಹಾಗೆ ನಲವತ್ತರದ್ದು, ಕಾಯಿಲೆಯಲ್ಲ. ಆದರೆ ಓದುವ ಕನ್ನಡಕಕ್ಕೆ ಅಂತ ಹೋದ ಆ ದಿನವೇ ಕಣ್ಣಿನ ಒಳಭಾಗವನ್ನೂ ತೋರಿಸಿ ಬನ್ನಿ.

ಪ್ರಶ್ನೆ: ಮಗನಿಗೆ ಐದು ವರ್ಷ, ಯುಕೆಜಿ. ಟಿವಿಗೆ ಅಂಟಿಕೊಂಡು ಕೂರುತ್ತಾನೆ. ಡಾಕ್ಟರ್ ಮೂರು ದಿನ ಕಣ್ಣಿಗೆ ಮುಲಾಮು ಹಚ್ಚಿ ಕರೆತನ್ನಿ ಅಂದಿದ್ದಾರೆ. ಅತ್ತೆಯವರು ಮಗುವಿಗೆ ಅದೆಲ್ಲ ಬೇಡ ಅನ್ನುತ್ತಾರೆ.
— ತಾಯಿ, ಶಿರಸಿ

ಉತ್ತರ: ಅತ್ತೆಯವರ ಕಾಳಜಿ ಅರ್ಥವಾಗುತ್ತೆ, ಆದರೂ ಹಚ್ಚಿ. ಮಕ್ಕಳ ಕಣ್ಣು ಒಳಗೊಳಗೇ ಬಿಗಿಮಾಡಿಕೊಂಡು ನಂಬರನ್ನು ಬಚ್ಚಿಡುತ್ತೆ. ಅಟ್ರೋಪಿನ್ ಮುಲಾಮು ಆ ಬಿಗಿತ ಬಿಡಿಸುತ್ತೆ, ಆಗ ನಿಜವಾದ ನಂಬರ್ ಸಿಗುತ್ತೆ. ಒಂದು ಕಣ್ಣಿಗೆ ನಂಬರ್ ಜಾಸ್ತಿ ಇದ್ದು ಇನ್ನೊಂದು ಚೆನ್ನಾಗಿದ್ದರೆ ಮಗು ಯಾವತ್ತೂ ದೂರು ಹೇಳುವುದಿಲ್ಲ, ಒಳ್ಳೆಯ ಕಣ್ಣು ಎಲ್ಲ ಕೆಲಸ ಮಾಡಿಬಿಡುತ್ತೆ, ಮತ್ತೊಂದು ಸೋಮಾರಿಯಾಗುತ್ತೆ. ಏಳೆಂಟು ವರ್ಷದೊಳಗೆ ಹಿಡಿದರೆ ಸರಿಪಡಿಸುವುದು ಸುಲಭ. ಮನೆಯಲ್ಲೇ ಒಂದೊಂದೇ ಕಣ್ಣು ಕೈಯಿಂದ ಮುಚ್ಚಿ ನೋಡಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ರೇಗಿ ಕೈ ತಳ್ಳಿದರೆ ಡಾಕ್ಟರಿಗೆ ಹೇಳಿ.

ಮುಲಾಮಿನ ಮಂಜು ಹತ್ತು ಹದಿನೈದು ದಿನ ಇರಬಹುದು, ಶಾಲೆಯ ಮಿಸ್‌ಗೆ ಮೊದಲೇ ಹೇಳಿ, ಬಿಸಿಲಿಗೆ ಟೋಪಿ ಹಾಕಿ ಕಳಿಸಿ. ಮುಖ ಕೆಂಪಾಗಿ ಮೈ ಬಿಸಿಯಾದರೆ, ಬಾಯಿ ತುಂಬಾ ಒಣಗಿದರೆ ಮುಲಾಮು ನಿಲ್ಲಿಸಿ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಅಕ್ಕಿ ಕಾಳಿನಷ್ಟು ಸಾಕು, ರೆಪ್ಪೆಯ ಒಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಹಚ್ಚಿದ ಕೂಡಲೇ ನಿಮ್ಮ ಕೈ ಸೋಪು ಹಾಕಿ ತೊಳೆಯಿರಿ, ಅದೇ ಬೆರಳು ನಿಮ್ಮ ಕಣ್ಣಿಗೆ ತಾಗಿದರೆ ನಿಮ್ಮ ಪಾಪೆಯೂ ದಿನಗಟ್ಟಲೆ ಅಗಲವಾಗಿ ಉಳಿಯಬಹುದು.