ಇಂಗ್ಲಿಷಿನ ‘ಅಸಿಸ್ಟ್’ ಅಂದರೆ ಏನು? ‘ಹೆಲ್ಪ್’ ಬದಲು ಅದನ್ನು ಎಲ್ಲಿ ಬಳಸಬೇಕು?

ಅಸಿಸ್ಟ್ ಅಂದರೆ ಒಬ್ಬರು ಮಾಡುತ್ತಿರುವ ಕೆಲಸಕ್ಕೆ ಕೈಜೋಡಿಸುವುದು. ಮುಖ್ಯ ಕೆಲಸ ಅವರದೇ, ನೀವು ಜೊತೆಗಿದ್ದು ನೆರವಾಗುತ್ತೀರಿ. ಇದರ ಲ್ಯಾಟಿನ್ ಮೂಲಕ್ಕೂ ‘ಪಕ್ಕದಲ್ಲಿ ನಿಲ್ಲು’ ಎಂಬ ಅರ್ಥವೇ ಇದೆ. ಆಪರೇಷನ್ ನಡೆಯುವಾಗ ಕತ್ತರಿ, ಹತ್ತಿ ಎತ್ತಿಕೊಡುವ ನರ್ಸ್ ಡಾಕ್ಟರಿಗೆ ಅಸಿಸ್ಟ್ ಮಾಡುತ್ತಾರೆ. ಕೊಯ್ಯುವುದು, ಹೊಲಿಯುವುದು ಡಾಕ್ಟರೇ.

ಹೆಲ್ಪ್ ಎಲ್ಲ ಕಡೆ ನಡೆಯುವ ಮಾತು. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಅಲ್ಲಿ ಬ್ಯಾಗ್ ಹೊತ್ತು ಸುಸ್ತಾದವರು ಪಕ್ಕದವರಿಗೆ ‘ಪ್ಲೀಸ್ ಹೆಲ್ಪ್ ಮಿ’ ಅಂದರೆ ಸಹಜ. ‘ಪ್ಲೀಸ್ ಅಸಿಸ್ಟ್ ಮಿ’ ತಪ್ಪಲ್ಲ, ಆದರೆ ಅರ್ಜಿ ಓದಿದ ಹಾಗೆ ಕೇಳುತ್ತದೆ. ಜೀವಕ್ಕೆ ಅಪಾಯ ಬಂದಾಗ ಕೂಗುವುದಂತೂ ‘ಹೆಲ್ಪ್’ ಅಂತಲೇ.

ನಮ್ಮವರು ಜಾಸ್ತಿ ಎಡವುವುದು ವಾಕ್ಯ ಕಟ್ಟುವಾಗ. ‘ಹೆಲ್ಪ್ ಮಿ ಫಿಲ್ ದಿ ಫಾರ್ಮ್’ ಸರಿ. ಅದೇ ಜಾಗದಲ್ಲಿ ಅಸಿಸ್ಟ್ ಇಟ್ಟು ‘ಅಸಿಸ್ಟ್ ಮಿ ಫಿಲ್’ ಅನ್ನುವಂತಿಲ್ಲ. ‘ಅಸಿಸ್ಟ್ ಮಿ ಇನ್ ಫಿಲ್ಲಿಂಗ್ ದಿ ಫಾರ್ಮ್’ ಅಥವಾ ‘ಅಸಿಸ್ಟ್ ಮಿ ವಿತ್ ದಿ ಫಾರ್ಮ್’ ಅನ್ನಬೇಕು.

ಇನ್ನೊಂದು ಮಾತು. ಕನ್ನಡದಲ್ಲಿ ‘ಅವನಿಗೆ ಸಹಾಯ ಮಾಡು’ ಅಂತೀವಿ, ಅಲ್ವಾ? ಆ ‘ಗೆ’ ಹಿಡಿದುಕೊಂಡೇ ಇಂಗ್ಲಿಷಿನಲ್ಲಿ ‘ಅಸಿಸ್ಟ್ ಟು ಹಿಮ್’ ಅಂತ ಬರೆದುಬಿಡುತ್ತೇವೆ. ಆ ‘ಟು’ ಬೇಡವೇ ಬೇಡ, ‘ಅಸಿಸ್ಟ್ ಹಿಮ್’ ಸಾಕು. ಹೆಲ್ಪ್‌ಗೂ ಇದೇ ನಿಯಮ.

ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವವರು ಅರ್ಜಿಯಲ್ಲಿ, ಕಚೇರಿ ಪತ್ರದಲ್ಲಿ ಧೈರ್ಯವಾಗಿ ಅಸಿಸ್ಟ್ ಬಳಸಿ. ಗೆಳೆಯರ ಜೊತೆ ಮಾತಾಡುವಾಗ ಹೆಲ್ಪ್ ಅನ್ನಿ.